ಮಲಗಿದ ಗಿಳಿಗಳ ಪರದೆ

2009ರ ಮಾತು. ತುಮಕೂರಿನಲ್ಲಿ, ಗೂಳೂರಿಗೆ ಹೋಗುವ ರಸ್ತೆಯ ಕಡೆ, ನಾವು ಸ್ವಂತ ಮನೆ ಕಟ್ಟಿಸಿದ ವರ್ಷ. ಸೀರೆ ಗಂಟು ಹೊತ್ತು ಗುಬ್ಬಿ, ಕುಣಿಗಲ್‌ನ ಬೀದಿ ಬೀದಿ ಅಲೆದು ವ್ಯಾಪಾರ ಮಾಡಿ ಮೇಲೆ ಬಂದವಳು ನಾನು. ಚೌಕಾಸಿ ಮಾಡುವುದನ್ನೂ, ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ಗುಣ ಹೇಳುವುದನ್ನೂ ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ಅಂಥವಳೂ ಒಮ್ಮೆ ಮೋಸ ಹೋದೆ. ಓದಿದವರು ನಾಲ್ಕು ಜನವಾದರೂ ಹುಷಾರಾಗಲಿ ಎಂದು ಬರೆಯುತ್ತಿದ್ದೇನೆ.

ಬಾಡಿಗೆ ಮನೆಯಲ್ಲಿದ್ದ ಹನ್ನೆರಡು ವರ್ಷವೂ ಕಿಟಕಿಗೆ ಹಳೇ ಸೀರೆ ಕಟ್ಟಿದ್ದೆ. ಆ ಮನೆಯ ಓನರ್ ಪುಟ್ಟತಾಯಮ್ಮ ಬಂದಾಗಲೆಲ್ಲ, "ಊರಿಗೆಲ್ಲ ಸೀರೆ ಮಾರ್ತೀಯ, ನಿನ್ ಕಿಟಕಿಗೆ ಮಾತ್ರ ಹರಕಲು ಸೀರೆನೇ ಗತಿ" ಎಂದು ಎಲ್ಲರೆದುರು ನಗುತ್ತಿದ್ದರು. ಒಂದಲ್ಲ ಒಂದು ದಿನ ಸ್ವಂತ ಮನೆಯ ಗೃಹಪ್ರವೇಶಕ್ಕೆ ಇವರನ್ನು ಕರೆಯಬೇಕು, ಅಳತೆ ಕೊಟ್ಟು ಹೊಲಿಸಿದ ಪರದೆ ಇವರ ಕಣ್ಣಿಗೆ ಬೀಳಬೇಕು ಎಂದು ಅವತ್ತೇ ಮನಸ್ಸಿನಲ್ಲಿ ಗಂಟು ಹಾಕಿಕೊಂಡಿದ್ದೆ.

ಮನೆ ಮುಗಿಯುತ್ತಾ ಬಂದಾಗ ನಮ್ಮ ಬೀದಿಯ ಟೈಲರ್ ದಸ್ತಗೀರಣ್ಣನನ್ನು ಕರೆಸಿದೆ. ಅವರು ಐದು ಕಿಟಕಿಗೂ ಟೇಪ್ ಹಿಡಿದರು. ಕಂಬಿ ಎಲ್ಲಿ ಬರಬೇಕು, ನೆರಿಗೆಗೆ ಅಗಲ ಎಷ್ಟು ಜಾಸ್ತಿ ಬೇಕು ಎಂದೆಲ್ಲ ಲೆಕ್ಕ ಹಾಕಿ, ಹಳೇ ಕ್ಯಾಲೆಂಡರ್ ಹಾಳೆಯ ಬೆನ್ನ ಮೇಲೆ ಬರೆದರು. ಅರ್ಧ ದಿನದ ಕೆಲಸ. ಆಮೇಲೆ ರೇಟಿನ ಮಾತು ಬಂತು.

"ಅಕ್ಕಾ, ನೀವು ಕೇಳೋ ರೇಟಿಗೆ ದಾರಾನೂ ಬರಲ್ಲ" ಎಂದರು.

"ಯೋಚ್ನೆ ಮಾಡಿ ಹೇಳ್ತೀನಿ. ಚೀಟಿ ಇಲ್ಲೇ ಇರ್ಲಿ ಬಿಡಿ" ಎಂದೆ.

ನಮ್ಮಕ್ಕನ ಮಗಳು ಸುಮಾ ಆಗ ಸೈಬರ್ ಸೆಂಟರ್‌ನಲ್ಲಿ ಕೆಲಸಕ್ಕಿದ್ದಳು. "ಚಿಕ್ಕಮ್ಮಾ, ಈಗ ಅಳತೆ ಟೈಪ್ ಮಾಡಿದ್ರೆ ಸಾಕು, ಹೊಲಿದು ಮನೆಗೇ ಕಳಿಸ್ತಾರೆ" ಎಂದು ಕಂಪ್ಯೂಟರ್ ಮುಂದೆ ಕೂರಿಸಿದಳು. ಮೇಲಕ್ಕೆ ಹಬ್ಬಿದ ಬಳ್ಳಿಯಲ್ಲಿ ಸಾಲಾಗಿ ಕೂತ ಹಸಿರು ಗಿಳಿಗಳ ಪರದೆ ಕಣ್ಣಿಗೆ ಬಿತ್ತು. ರೇಟು ದಸ್ತಗೀರಣ್ಣ ಹೇಳಿದ್ದಕ್ಕಿಂತ ಕಮ್ಮಿ! ಅವರು ಬರೆದ ಚೀಟಿಯನ್ನೇ ನೋಡಿಕೊಂಡು ಸುಮಾ ಅಳತೆ ತುಂಬಿದಳು, ನನ್ನ ತಮ್ಮನ ಕಾರ್ಡಿನಲ್ಲಿ ದುಡ್ಡು ಕಟ್ಟಿದೆವು. ನನಗಾಗ ಇದು ಜಾಣತನ ಎಂದೇ ಅನಿಸಿತ್ತು.

ಗೃಹಪ್ರವೇಶಕ್ಕೆ ಇನ್ನು ನಾಲ್ಕು ದಿನ ಇದೆ ಎನ್ನುವಾಗ ಪಾರ್ಸಲ್ ಬಂತು. ಬಟ್ಟೆ ಮುಟ್ಟಿ ನೋಡಿದೆ, ಒಳ್ಳೆಯದೇ. ಹಾಲ್‌ನ ಕಿಟಕಿಗೆ ಏರಿಸಿ ಹಿಂದೆ ಸರಿದು ನೋಡುತ್ತೇನೆ, ಇದೇನಿದು! ಬಳ್ಳಿ ನೆಲಕ್ಕೆ ಸಮನಾಗಿ ಅಡ್ಡ ಹೋಗಿದೆ. ಗಿಳಿಗಳೆಲ್ಲ ಕಾಲು ಪಕ್ಕಕ್ಕೆ ಚಾಚಿ ಮಲಗಿವೆ! ಐದಕ್ಕೆ ಐದೂ ಹಾಗೇ. ಗೃಹಪ್ರವೇಶದ ಮನೆಯಲ್ಲಿ ಸಾಲು ಸಾಲು ಸತ್ತ ಗಿಳಿ ತೂಗುಹಾಕಿದಂತೆ.

ಊರ ಪಕ್ಕದ ಸತ್ಯಮಂಗಲದ ಫ್ಯಾಕ್ಟರಿಯಿಂದ ಕೆಲಸ ಮುಗಿಸಿ ಬಂದ ನಮ್ಮ ಯಜಮಾನರು ಪರದೆ ನೋಡಿ, "ಬುಡೇ, ಬಂದೋರ್ಗೆಲ್ಲ ಕತ್ತು ಓರೆ ಮಾಡ್ಕೊಂಡು ನೋಡಿ ಅಂದ್ರಾಯ್ತು" ಎಂದರು. ನನಗೆ ನಗು ಬರಲಿಲ್ಲ.

ಕಂಪನಿಗೆ ಫೋನ್ ಹಚ್ಚಿದೆ. ಅರ್ಧ ಗಂಟೆ ಸಂಗೀತ ಕೇಳಿಸಿದ ಮೇಲೆ ಒಬ್ಬಳು ಹುಡುಗಿ ಸಿಕ್ಕಳು.

"ಅಳತೆ ತಪ್ಪಿದೆಯಾ ಮೇಡಂ?"

"ಅಳತೆ ಸರಿಯಾಗೇ ಇದೆ. ಆದ್ರೆ..."

"ಹಾಗಿದ್ರೆ ವಾಪಸ್ ತಗೊಳ್ಳೋಕೆ ಬರಲ್ಲ ಮೇಡಂ. ನಿಮ್ಮ ಅಳತೆಗೇ ಹೊಲಿದಿರೋದಲ್ವಾ, ಬೇರೆಯವರಿಗೆ ಮಾರೋಕಾಗಲ್ಲ."

"ಗಿಳಿ ಮಲಗಿದಾವಲ್ಲಮ್ಮ ತಾಯಿ!"

"ಅದು ಡಿಸೈನ್ ಮೇಡಂ."

ಡಿಸೈನಂತೆ! ಯಾವ ಊರಲ್ಲಿ ಗಿಳಿ ಹೀಗೆ ಕೂರುತ್ತದೆ? ಮೂರು ಸಲ ಫೋನ್ ಮಾಡಿದೆ, ಮೂರು ಸಲವೂ ಅದೇ ಮಾತು. ಅಂಗಡಿಯಾಗಿದ್ದರೆ ಬಟ್ಟೆಯನ್ನು ಗಲ್ಲಾಪೆಟ್ಟಿಗೆಯ ಮೇಲೆ ಹರಡಿ, ಬಂದ ಗಿರಾಕಿಗಳಿಗೆಲ್ಲ ತೋರಿಸಿ ನ್ಯಾಯ ಕೇಳುತ್ತಿದ್ದೆ. ಮುಖವೇ ಇಲ್ಲದ ವ್ಯಾಪಾರಿಯ ಹತ್ತಿರ ಜಗಳ ಆಡುವುದು ಹೇಗೆ? ಇಷ್ಟು ವರ್ಷ ದುಡಿದ ನನ್ನ ನಾಲಗೆ ಅವತ್ತು ಕೆಲಸಕ್ಕೆ ಬರಲಿಲ್ಲ.

ಬೇರೆ ದಾರಿ ಇರಲಿಲ್ಲ. ಐದೂ ಪರದೆ ಕಂಕುಳಲ್ಲಿಟ್ಟುಕೊಂಡು ದಸ್ತಗೀರಣ್ಣನ ಅಂಗಡಿಗೆ ಹೋದೆ. ಒಂದನ್ನು ಬಿಡಿಸಿ, ಹೊಲಿಗೆ ತಿರುವಿ ನೋಡಿದರು.

"ಅಗಲಕ್ಕೆ ಎರಡು ತುಂಡು ಜೋಡ್ಸೋ ಕೆಲ್ಸ ಉಳಿಸೋಕೆ ಬಟ್ಟೆನೇ ಅಡ್ಡ ಹಾಕಿ ಕತ್ತರಿಸಿದಾರೆ ಅಕ್ಕಾ. ಹೂವು, ಹಕ್ಕಿ ಇರೋ ಬಟ್ಟೆಗೆ ಮೇಲು ಕೆಳಗು ನೋಡ್ದೆ ಕತ್ತರಿ ಇಡಬಾರ್ದು. ಕಲಿಯೋಕೆ ಬಂದೋರಿಗೆ ಮೊದಲ್ನೇ ದಿನ ಹೇಳೋ ಮಾತು ಅದು." ಆಮೇಲೆ ಟೇಪ್ ಹಿಡಿದು ಅಳೆದು, ನನ್ನ ಮುಖ ನೋಡದೆಯೇ ಹೇಳಿದರು: "ಅಳತೆ ಮಾತ್ರ ಪಸಂದಾಗಿದೆ. ಯಾಕಂದ್ರೆ ಅದು ನಂದು."

ಕಂಪನಿಯ ಮೇಲೆ ಸಿಟ್ಟಿನಿಂದ ಕುದಿಯುತ್ತಿದ್ದವಳಿಗೆ, ಈ ಮನುಷ್ಯನಿಗೆ ನಾನು ಮಾಡಿದ್ದೂ ಅಂಥದ್ದೇ ಎಂದು ಹೊಳೆದದ್ದು ಆಗ.

"ಎರಡು ದಿನದಲ್ಲಿ ಆಗುತ್ತಾ ದಸ್ತಗೀರಣ್ಣ?" ಎಂದೆ. ರೇಟು ಕೇಳಲಿಲ್ಲ.

ಅವರು ಪ್ರತಿ ಪರದೆಯನ್ನೂ ನಡುವೆ ಕತ್ತರಿಸಿ, ಎರಡೂ ತುಂಡನ್ನು ತಿರುಗಿಸಿ, ಅಕ್ಕಪಕ್ಕ ಜೋಡಿಸಿದರು. ಗಿಳಿಗಳು ಎದ್ದು ಕೂತವು. ಉದ್ದ ಐದಾರು ಇಂಚು ಕಮ್ಮಿ ಬಿತ್ತು. ಅದಕ್ಕೆ ಕೆಳಗಡೆ ಕಡು ಹಸಿರು ಬಟ್ಟೆಯ ಪಟ್ಟಿ ಕೊಟ್ಟರು. ಗೃಹಪ್ರವೇಶದ ಹಿಂದಿನ ದಿನ ತಾವೇ ಬಂದು ಕಂಬಿಗೆ ಏರಿಸಿದರು.

ಪುಟ್ಟತಾಯಮ್ಮ ಬಂದರು. ಪೂಜೆ ನೋಡುವ ಮುಂಚೆಯೇ ಕಿಟಕಿಯ ಹತ್ತಿರ ಹೋಗಿ ಪರದೆಯ ಅಂಚು ಹಿಡಿದು ನೋಡಿದರು. "ಎಲ್ಲಿ ಹೊಲಿಸ್ದೆ? ಈ ಹಸಿರು ಪಟ್ಟಿನೇ ಚೆಂದ ಕಣೇ!"

ಹನ್ನೆರಡು ವರ್ಷ ಕಾದ ಗಳಿಗೆ. ಆನ್‌ಲೈನ್‌ನಲ್ಲಿ ತರಿಸಿದ್ದು ಎಂದು ದೊಡ್ಡಸ್ತಿಕೆಯಿಂದ ಹೇಳಬಹುದಿತ್ತು. ಬಾಗಿಲ ಹತ್ತಿರ ಊಟಕ್ಕೆಂದು ಬಂದಿದ್ದ ದಸ್ತಗೀರಣ್ಣ ನಿಂತಿದ್ದರು. "ಇವ್ರೇ ಹೊಲಿದಿದ್ದು. ಅಳತೆನೂ ಇವರ್ದೇ" ಎಂದೆ, ಎಲ್ಲರಿಗೂ ಕೇಳುವ ಹಾಗೆ.

"ಅದು ಡಿಸೈನ್ ಮೇಡಂ" ಎಂಬ ಆ ಮಾತು ನೆನೆದರೆ ಇಂದಿಗೂ ನನ್ನ ಮೈ ಉರಿಯುತ್ತದೆ. ಚಿತ್ರ ಇರುವ ಬಟ್ಟೆಯಾದರೆ ಅದನ್ನು ಯಾವ ಕಡೆಯಿಂದ ಕತ್ತರಿಸುತ್ತಾರೆ ಎಂದು ಬರೆಸಿಕೊಳ್ಳದೆ ದುಡ್ಡು ಕಟ್ಟಬೇಡಿ. ಒಬ್ಬರ ಕೈಲಿ ಅಳತೆ ತೆಗೆಸಿ ಇನ್ನೊಬ್ಬರಿಗೆ ಕೆಲಸ ಕೊಡುವುದಂತೂ ಬೇಡವೇ ಬೇಡ.

ಆ ಕ್ಯಾಲೆಂಡರ್ ಹಾಳೆ ಇನ್ನೂ ನನ್ನ ಬೀರುವಿನಲ್ಲಿದೆ. ವಾಪಸ್ ಕೊಡಲು ಹೋದಾಗ ದಸ್ತಗೀರಣ್ಣ ಮಿಷನ್ ತುಳಿಯುತ್ತಲೇ ಹೇಳಿದ್ದರು: "ಇಟ್ಕೊಳ್ಳಿ ಅಕ್ಕಾ. ಮುಂದಿನ್ ಸಲಾನೂ ಕಂಪ್ಯೂಟರ್‌ಗೆ ಬೇಕಾಗುತ್ತೆ."