ಉಳಿದದ್ದು ಒಂದು ಮರಾಠಿ ಮಾತು

ನಮ್ಮ ಮನೆಯ ಷೋಕೇಸಿನಲ್ಲಿ ಸ್ಟೀಲಿನ ಡಬ್ಬಿಗಳಿಲ್ಲ, ಮದುವೆಯ ಫೋಟೋ ಇಲ್ಲ. ಒಂದು ಗೇಣುದ್ದದ ನಲವತ್ತಮೂರು ಗೊಂಬೆಗಳಿವೆ. ಎಲ್ಲರೂ ಗಂಡಸರು. ಎಲ್ಲರಿಗೂ ಎದೆ ಮುಂದೆ, ಹೊಟ್ಟೆ ಒಳಗೆ, ಚಡ್ಡಿ ಪ್ಯಾಂಟಿನ ಮೇಲೆ. ಜಗತ್ತನ್ನು ಕಾಪಾಡುವ ಸೂಪರ್‌ಹೀರೋಗಳಂತೆ ಇವರು. ಭೋಸರಿಯ ಈ ಎರಡು ಖೋಲಿಯ ಮನೆಯಲ್ಲಿ ವಾರಕ್ಕೊಮ್ಮೆ ಅವರ ಧೂಳು ಒರೆಸುವವಳು ನಾನು. ಆದ್ದರಿಂದ ಅವರ ಶಕ್ತಿ ಎಷ್ಟೆಂದು ನನಗೆ ಚೆನ್ನಾಗಿ ಗೊತ್ತು.

ಗೊಂಬೆಗಳು ನನ್ನ ಗಂಡನವು. ಹತ್ತೊಂಬತ್ತನೆಯ ವಯಸ್ಸಿಗೆ ಆಳಂದದ ಕಡೆಯಿಂದ ಗೌಂಡಿಗಳ ಗುಂಪಿನೊಂದಿಗೆ ಪುಣೆಗೆ ಬಂದವರು ಅವರು. ಸಿಮೆಂಟು ಹೊತ್ತು ಬೇಸತ್ತು ಇಲ್ಲಿನ ಕಾರ್ಖಾನೆಯೊಂದರ ಪ್ರೆಸ್ ಶಾಪು ಸೇರಿದರು. ತಗಡಿನ ಮೇಲೆ ಧಡ್ ಎಂದು ಬಿದ್ದು ಅದಕ್ಕೆ ಆಕಾರ ಕೊಡುವ ಯಂತ್ರ ಅದು. ತಗಡಿನ ಜೊತೆ ಬೆರಳು ಸಿಕ್ಕರೆ ಬೆರಳಿಗೂ ಆಕಾರ ಕೊಡುತ್ತದೆ. ಅಲ್ಲಿ ಇಪ್ಪತ್ತಾರು ವರ್ಷ ದುಡಿದೂ ನಮ್ಮವರ ಹತ್ತೂ ಬೆರಳು ಉಳಿದಿದ್ದವು. ಶಾಪಿನಲ್ಲಿ ಅದು ದೊಡ್ಡ ಮರ್ಯಾದೆ.

ಒಂದು ರವಿವಾರ ಜುನಾ ಬಜಾರಿಗೆ ಹಳೆಯ ಇಕ್ಕಳ ತರಲು ಹೋದವರು ತಲೆಯಿಲ್ಲದ ಗೊಂಬೆಯೊಂದನ್ನು ತಂದರು.

"ತಲಿ ಇಲ್ಲದ್ದು ಯಾಕ ತಂದ್ರಿ?" ಎಂದೆ.

"ತಲಿ ಹಚ್ಚಿದ್ರಾಯ್ತು."

ಮುಂದಿನ ರವಿವಾರ ತಲೆ ಬಂತು. ಅಲ್ಲಿಂದ ಶುರುವಾದದ್ದು ನಿಲ್ಲಲಿಲ್ಲ. ಒಬ್ಬನ ಮುಂಡ, ಇನ್ನೊಬ್ಬನ ತೋಳು, ಮತ್ತೊಬ್ಬನ ಕಾಲು. ಪುಟ್ಟಿ ಕಲಸಿ ಮೂಗು ತಿದ್ದುವುದು, ಒಣಗಿದ ಮೇಲೆ ಉಜ್ಜುವುದು, ಬಣ್ಣ ಬಳಿಯುವುದು. ಅಡುಗೆಮನೆಯ ಚಿಮಟಿಗೆ ಕಾಣೆಯಾಗಿ ಗೊಂಬೆಯ ಮೇಜಿನ ಮೇಲೆ ಸಿಗುತ್ತಿತ್ತು. 'ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂ' ಎಂದು ನಾನು ಹಂಗಿಸಿದರೆ ತಲೆ ಎತ್ತದೆ ನಗುತ್ತಿದ್ದರು. ನಮಗೆ ಮಕ್ಕಳಿಲ್ಲ. ಚಾಳಿನ ಹೆಂಗಸರು ನಲ್ಲಿಯ ಹತ್ತಿರ, ಮಕ್ಕಳಿಲ್ಲದ್ದಕ್ಕೆ ಗೊಂಬೆ ಆಡಿಸುತ್ತಾನೆ ಎಂದು ಮಾತಾಡಿಕೊಳ್ಳುತ್ತಿದ್ದರು. ಅದನ್ನು ಕೇಳಿ ಬಂದ ದಿನ ನನ್ನ ಸಿಟ್ಟು ಅವರ ಮೇಲೆ ಹೋಗದೆ ಇವರ ಮೇಲೆ ಬರುತ್ತಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ, ಅಷ್ಟೇ.

ಆದರೂ ನಾನೇ ಅದರೊಳಗೆ ಬಿದ್ದೆ. ಸೀರೆಗಳಿಗೆ ಫಾಲ್, ಪೀಕೊ ಮಾಡುವುದು ನನ್ನ ಕೆಲಸ. ಹೊಲಿಗೆಯ ಚೂರುಗಳಲ್ಲಿ ಗೊಂಬೆಗಳ ಬೆನ್ನಿಗೆ ಮೇಲಂಗಿ ಹೊಲಿದು ಕೊಡತೊಡಗಿದೆ. ಅವರು ಕೀಲುಗಳ ಮರ್ಮ ಹೇಳಿಕೊಟ್ಟರು. ಕೀಲು ಸಡಿಲಾದರೆ ಉಗುರುಬಣ್ಣದ ಒಂದು ಹನಿ. ಬಿಗಿಯಾದರೆ ಬಿಸಿನೀರು. ಒತ್ತಾಯ ಮಾತ್ರ ಮಾಡಬಾರದು, ಒಳಗಿನ ಗೂಟ ಮುರಿಯುತ್ತದೆ. ಒಮ್ಮೆ ಬಿಸಿನೀರು ಕಾಯಿಸಲು ಬೇಸರವಾಗಿ ಒಂದು ತೋಳನ್ನು ಹಾಗೇ ತಿರುವಿದೆ. ಅವರು ಆಚೆಯಿಂದ "ಥಾಂಬ, ಥಾಂಬ!" ಎಂದು ಕೂಗುವಷ್ಟರಲ್ಲಿ ಟಕ್ ಎಂದು ತೋಳು ನನ್ನ ಕೈಗೆ ಬಂತು.

ಮನೆಯಲ್ಲಿ ನಾವು ಆಡುತ್ತಿದ್ದದ್ದು ಅಚ್ಚ ಕನ್ನಡ. ಈ ಒಂದು ಮಾತು ಮಾತ್ರ ಶಾಪಿನಿಂದ ಅವರ ಜೊತೆ ಮನೆಗೆ ಬಂದುಬಿಟ್ಟಿತ್ತು. ಬಣ್ಣ ಹಸಿಯಿದ್ದಾಗ ನಾನು ಮುಟ್ಟಲು ಹೋದರೆ "ಥಾಂಬ". ಊಟಕ್ಕೆ ಕರೆದರೆ "ಥಾಂಬ". ಕಾಯಿಪಲ್ಲೆಯವನೂ ನನಗೆ ಹಾಗೇ ಅನ್ನುತ್ತಿದ್ದ, ಮೊದಲು ಬಂದವರಿಗೆ ತೂಗಿಕೊಟ್ಟು ನನ್ನತ್ತ ತಿರುಗುತ್ತಿದ್ದ. ನಾನು ಮರಾಠಿ ಕಲಿತದ್ದು ಹೀಗೆ, ಸಂತೆಯಲ್ಲಿ, ರೇಷನ್ ಅಂಗಡಿಯ ಸಾಲಿನಲ್ಲಿ. ಥಾಂಬ ಎಂದರೆ ನಮ್ಮ 'ತಡಿ' ಎಂದು ನಾನಾಗಿ ತಿಳಿದುಕೊಂಡೆ. ತಪ್ಪೇನೂ ಅಲ್ಲ, ಅದಕ್ಕೆ ಆ ಅರ್ಥವೂ ಇದೆ.

ಸಂಕ್ರಾಂತಿ ಬಂತು. ಸಂಕ್ರಾಂತಿಯಿಂದ ರಥಸಪ್ತಮಿಯವರೆಗೆ ಇಲ್ಲಿ ಹೆಂಗಸರು ಒಬ್ಬರ ಮನೆಗೆ ಒಬ್ಬರು ಹಳದಿ-ಕುಂಕುಮಕ್ಕೆ ಹೋಗುತ್ತಾರೆ. ಆ ವರ್ಷ ಅದಕ್ಕೆಂದು ಹೊಸ ಕುಪ್ಪಸ ಹೊಲಿದುಕೊಳ್ಳಲು ಟ್ರಂಕು ತೆರೆದೆ. ತೀರಿಹೋದ ನನ್ನ ಅವ್ವ ಕೊನೆಯ ಸಲ ಉಡಿ ತುಂಬಿದಾಗ ಇಟ್ಟಿದ್ದ ಖಣ ಅದರಲ್ಲಿತ್ತು. ಕೆಂಪು ನೆಲ, ಹಸಿರು ಅಂಚು. ತೆಗೆದು ಬಿಡಿಸಿದರೆ ಒಂದು ಮೂಲೆ ಇಲ್ಲ. ಮೇಜಿನ ಮೇಲೆ ನೋಡಿದರೆ ನಮ್ಮವರ ಹೊಸ ಗೊಂಬೆಯ ಬೆನ್ನ ಮೇಲೆ ನನ್ನ ಅವ್ವನ ಖಣ!

ಆ ಗೊಂಬೆ ಯಾವ ಕಂಪನಿಯದೂ ಅಲ್ಲ, ಇವರದೇ ಸೃಷ್ಟಿ. ಮೈಗೆ ಶಾಪಿನ ನೀಲಿ ಬಟ್ಟೆ, ಮುಖಕ್ಕೆ ದಪ್ಪ ಮೀಸೆ, ಬಲಗೈ ಎತ್ತಿ ಅಂಗೈ ಮುಂದೆ ಮಾಡಿದ್ದ. ಕಣ್ಣು ಇನ್ನೂ ಬರೆದಿರಲಿಲ್ಲ. ಅದಕ್ಕೂ ಮುಂಚೆ, "ಇಂವ ಯಾರಿಗೆ ಆಶೀರ್ವಾದ ಮಾಡ್ಲಕತ್ತಾನ್ರಿ?" ಎಂದು ಕೇಳಿದ್ದೆ. ನಕ್ಕು ಕುಂಚ ಅದ್ದಿಕೊಂಡಿದ್ದರು.

"ನಾಕ್ ಬೆರಳ ಅಷ್ಟ ತಗೊಂಡೀನಿ. ಕುಪ್ಪಸ ಆಗ್ತದ ಬಿಡು," ಎಂದರು ಅಂದು.

ಮೂವತ್ತು ವರ್ಷದಲ್ಲಿ 'ರೀ' ಬಿಟ್ಟು ಮಾತಾಡಿದವಳಲ್ಲ, ಅವತ್ತು ಏಕವಚನಕ್ಕೆ ಇಳಿದೆ. "ನಿನ್ನ ಕೈ ಸೇದಿ ಹೋಗ್ಲಿ!" ಎಂದೆ.

ಕೈ ಮರಗಟ್ಟಿ ಹೋಗಲಿ ಎಂದು. ನಮ್ಮ ಕಡೆ ಇದು ಅಂಥ ದೊಡ್ಡ ಶಾಪವಲ್ಲ. ಹಾಲು ಚೆಲ್ಲಿದ ಮೊಮ್ಮಗನಿಗೂ ಮುದುಕಿಯರು ಅನ್ನುತ್ತಾರೆ, ಅಂದು ಮರುಗಳಿಗೆ ಬೆಲ್ಲ ಕೊಡುತ್ತಾರೆ. ನಾನು ಬೆಲ್ಲ ಕೊಡಲಿಲ್ಲ. ನಾಲ್ಕು ದಿನ ಮಾತು ಬಿಟ್ಟೆ. ಐದನೆಯ ಬೆಳಿಗ್ಗೆ ಅವರು ಕೆಲಸಕ್ಕೆ ಹೋಗುವ ಮೊದಲು ಗೊಂಬೆಗೆ ಕಣ್ಣು ಬರೆಯಲು ಕುಳಿತರು. ಕುಂಚ ನೆಲಕ್ಕೆ ಬಿದ್ದ ಸದ್ದಾಯಿತು. ಬಿದ್ದದ್ದನ್ನು ಅವರು ಎತ್ತಿಕೊಳ್ಳಲಿಲ್ಲ. ತಿರುಗಿ ನೋಡಿದರೆ ಬಾಯಿ ಒಂದು ಕಡೆ ಜಾರಿತ್ತು.

ಲಕ್ವಾ ಹೊಡೆದಿತ್ತು. ಬಲಗೈ, ಬಲಗಾಲು ಮತ್ತು ಮಾತು, ಮೂರೂ ಒಟ್ಟಿಗೆ ಹೋದವು. ಅಸ್ತು ದೇವತೆಗಳು ತಲೆಯ ಮೇಲೆ ಓಡಾಡುತ್ತಿರುತ್ತಾರೆ, ಕೆಟ್ಟದ್ದು ಆಡಬಾರದು ಎಂದು ಅವ್ವ ಹೇಳುತ್ತಿದ್ದಳು. ಡಾಕ್ಟರು ಬಿಪಿ ಎಂದರು, ತಂಬಾಕು ಎಂದರು. ನಾನು ಹೂಂಗುಟ್ಟಿದೆ. ಒಳಗೆ ಮಾತ್ರ ಯಾರ ಬಾಯಿಂದ ಇದು ಆಯಿತೆಂದು ನನಗೆ ಗೊತ್ತಿತ್ತು. ಈಗಲೂ ಹಾಗೇ ಅನ್ನಿಸುತ್ತದೆ, ಯಾರು ಎಷ್ಟು ತಿಳಿಸಿ ಹೇಳಿದರೂ.

ಇಪ್ಪತ್ತು ದಿನದ ಮೇಲೆ ಅವರ ಬಾಯಿಂದ ಮೊದಲ ಮಾತು ಹೊರಟಿತು. "ಥಾಂಬ." ನನ್ನ ಹೆಸರಲ್ಲ, ನೀರಲ್ಲ, ಅವ್ವಾ ಎಂದೂ ಅಲ್ಲ. ಹೆತ್ತ ಮಾತು ಪೂರ್ತಿ ಅಳಿಸಿ ದುಡಿದ ಮಾತೊಂದು ಉಳಿದಿತ್ತು. ಹೀಗಾಗುವುದುಂಟು ಎಂದು ಡಾಕ್ಟರು ಹೇಳಿದರು. ನಾವು ಹೇಳಿದ್ದು ನಮ್ಮವರಿಗೆ ಎಷ್ಟು ತಿಳಿಯುತ್ತದೆ ಎಂಬುದನ್ನು ಡಾಕ್ಟರೂ ಹೇಳಲಾರದಾದರು. ಹೌದಾ ಎಂದರೂ ಇವರು ತಲೆ ಆಡಿಸುತ್ತಿದ್ದರು, ಅಲ್ಲವಾ ಎಂದರೂ ಆಡಿಸುತ್ತಿದ್ದರು. ಮುಖ ನಕ್ಕರೂ ಅತ್ತರೂ ಒಂದೇ ಥರ ಆಗಿತ್ತು.

ನನಗೋ ಆ ಒಂದು ಮಾತೇ ಹಬ್ಬವಾಯಿತು. ತಡಿ ಅನ್ನುತ್ತಿದ್ದಾರೆ! ಸುಧಾರಿಸುತ್ತೇನೆ, ಅವಸರ ಮಾಡಬೇಡ ಅನ್ನುತ್ತಿದ್ದಾರೆ. ಸಂಸಾರ ಮಾಡಿದ ಹೆಂಡತಿಗಿಂತ ಚೆನ್ನಾಗಿ ಇದನ್ನು ಯಾರು ತಿಳಿಯಬೇಕು?

ವ್ಯಾಯಾಮ ಹೇಳಿಕೊಡುವ ಹೆಣ್ಣುಮಗಳೊಬ್ಬರು ಖಡಕಿಯಿಂದ ಬರುತ್ತಿದ್ದರು. ಸೊಲ್ಲಾಪುರದ ಕನ್ನಡದವರು. "ದಿನಾ ನಾಕ್ ಸಲ ಕೈ ಮ್ಯಾಲ ಎತ್ತಬೇಕ್ರಿ, ಬೆರಳ ಬಿಡಿಸಬೇಕ್ರಿ. ಬಿಟ್ರ ಕೈ ಮುಚಗೊಂಡು ಹೋಗ್ತದ. ಸ್ವಲ್ಪ ನೋವಾಗ್ತದ, ಹೆದರಬ್ಯಾಡ್ರಿ," ಎಂದರು. ಆ ಕೈಯನ್ನು ತೆರೆದೇ ತೀರಬೇಕೆಂದು ನಾನು ಹಟ ತೊಟ್ಟೆ. ಸೇದಿ ಹೋಗಲಿ ಎಂದ ಬಾಯಿ ಇದೇ ತಾನೇ? ಅದನ್ನು ಕೈಯಿಂದ ತೊಳೆಯಬೇಕಿತ್ತು. ಅವರು ನಾಲ್ಕು ಸಲ ಅಂದರೆ ನಾನು ಎಂಟು ಸಲ ಮಾಡಿದೆ. ಬಿಸಿನೀರಿನ ಬಟ್ಟೆ ಸುತ್ತಿ, ಗೊಂಬೆಯ ಕೀಲಿನಂತೆ ಒಂದೊಂದೇ ಬೆರಳು ಬಿಡಿಸುತ್ತಿದ್ದೆ. ಭುಜ ಎತ್ತಿದಾಗ ಅವರು "ಥಾಂಬ" ಎನ್ನುತ್ತಿದ್ದರು. "ತಡೀತೀನ್ರಿ, ಎಷ್ಟ್ ವರ್ಷ ಆದ್ರೂ ತಡೀತೀನಿ," ಎಂದು ಇನ್ನೊಂದು ಸಲ ಎತ್ತುತ್ತಿದ್ದೆ.

ಮಧ್ಯಾಹ್ನ ಅವರು ಮಲಗಿದಾಗ ಗೊಂಬೆಯ ಮೇಜಿಗೆ ಕೂರತೊಡಗಿದೆ. ಕಣ್ಣಿಲ್ಲದ ಆ ನೀಲಿಯವನನ್ನು ಮುಗಿಸಿ ತೋರಿಸಿದರೆ ತಲೆಯಲ್ಲಿ ಏನಾದರೂ ತೆರೆದೀತು ಎಂಬ ಆಸೆ. ಇವರಂತೆಯೇ ಗೊಂಬೆ ಕೂಡಿಸುವ ಬೆಂಗಳೂರಿನ ಗೃಹಸ್ಥರೊಬ್ಬರು ವಾಕಡದಲ್ಲಿದ್ದರು. ತಲೆ ನರೆತ ಇಂಜಿನಿಯರು. ಅವರ ಮನೆಗೆ ಹೋಗಿ ಕೇಳಿದೆ. "ಮೇಡಂ, ಐಸ್ ಮಾಡೋದು ಟಫ್ ಇದೆ. ಉಸಿರು ಹಿಡ್ಕೊಂಡು ಒಂದೇ ಸ್ಟ್ರೋಕ್. ಎರಡೂ ಕಣ್ಣು ಒಂದೇ ಕಡೆ ನೋಡ್ಬೇಕು, ಅಷ್ಟೇ," ಎಂದು ಮೂರೆಳೆಯ ಕುಂಚ ಕೊಟ್ಟು ಕಳಿಸಿದರು. ಒಳ್ಳೆಯವರು. ಮುರಿದ ಗೊಂಬೆಗಳ ಮೇಲೆ ಎರಡು ತಿಂಗಳು ಕಲಿತೆ. ಮೆಳ್ಳೆಗಣ್ಣಿನ ಒಂದು ಸೈನ್ಯವೇ ತಯಾರಾಯಿತು. ಕೊನೆಗೆ ನೀಲಿಯವನಿಗೆ ಬರೆದೆ. ಎಡಗಣ್ಣು ತುಸು ಮೇಲೆ ಹೋಯಿತು, ಆದರೂ ನೋಡುತ್ತಾನೆ.

ಹಾಸಿಗೆಯ ಹತ್ತಿರ ತಂದು ಹಿಡಿದೆ. ಬಹಳ ಹೊತ್ತು ನೋಡಿದರು. "ಥಾಂಬ," ಎಂದರು. ಬಣ್ಣ ಇನ್ನೂ ಹಸಿಯಿದೆ ಅನ್ನುತ್ತಿದ್ದಾರೆಂದು ತಿಳಿದು, ಖುಷಿಯಿಂದ ಅತ್ತುಬಿಟ್ಟೆ.

ದೀಪಾವಳಿಗೆ ಅವರ ಜೊತೆ ಅದೇ ಪ್ರೆಸ್ಸಿನ ಮೇಲೆ ದುಡಿದ ಮರಾಠಿ ಗೆಳೆಯರೊಬ್ಬರು ಹಬ್ಬದ ತಿಂಡಿ ಫರಾಳದ ಡಬ್ಬಿ ಹಿಡಿದು ಬಂದರು. ಎಡಗೈಯಲ್ಲಿ ಎರಡೇ ಬೆರಳಿರುವವರು. ಮನೆಯವರಂತೆಯೇ ಆದ್ದರಿಂದ ನಾನು ವ್ಯಾಯಾಮ ನಿಲ್ಲಿಸಲಿಲ್ಲ. ಮಾತಾಡುತ್ತಲೇ ಭುಜ ಎತ್ತಿದೆ. ನಮ್ಮವರು, "ಥಾಂಬ," ಎಂದರು.

ಗೆಳೆಯರು ಕುರ್ಚಿಯಿಂದ ಛಂಗನೆ ಎದ್ದರು. ಚಕ್ಕುಲಿ ನೆಲಕ್ಕೆ ಬಿತ್ತು. ತಮ್ಮ ಎರಡೂ ಕೈಗಳನ್ನು ಎದೆಗೆ ಎಳೆದುಕೊಂಡಿದ್ದರು. "ವಹಿನಿ, ಸೋಡಾ! ಹಾತ ಸೋಡಾ!" ಎಂದು ಕೂಗಿದರು. ಅತ್ತಿಗೆ, ಕೈ ಬಿಡಿ ಎಂದು. ನಾನು ಬೆದರಿ ಬಿಟ್ಟೆ.

ತಾವೇ ನಾಚಿಕೊಂಡು ಕುಳಿತರು. ಮರಾಠಿಯಲ್ಲೇ ಬಿಡಿಸಿ ಹೇಳಿದರು. ಪ್ರೆಸ್ ಶಾಪಿನಲ್ಲಿ ಆ ಮಾತನ್ನು ಯಾರೂ ಹಗುರಾಗಿ ಆಡುವುದಿಲ್ಲ. ಯಾರದಾದರೂ ಕೈ ಯಂತ್ರದ ಕೆಳಗೆ ಇದ್ದಾಗ ಕೂಗುವ ಮಾತು ಅದು. ಕೇಳಿದವರು ಯಾರು, ಏನು ಎಂದು ನೋಡದೆ ನಿಲ್ಲಿಸಬೇಕು. ತಮ್ಮ ಮೂರು ಬೆರಳು ಹೋದ ದಿನ ನಮ್ಮವರು ಹಾಗೆ ಕೂಗಿದ್ದರಿಂದಲೇ ಉಳಿದೆರಡು ಉಳಿದವು. ಷೋಕೇಸಿನ ನೀಲಿಯವನತ್ತ ಕೈ ತೋರಿದರು. ಅಂಗೈ ಎತ್ತಿದ ಆ ಸನ್ನೆಯೂ ಅದೇ ಅಂತೆ. ಆಶೀರ್ವಾದವಲ್ಲ.

ಬಸ್ಸು ನಿಲ್ಲುವ ಜಾಗಕ್ಕೆ ಇಲ್ಲಿ ಥಾಂಬಾ ಎನ್ನುತ್ತಾರೆ. ಇಷ್ಟು ವರ್ಷ ಅಲ್ಲಿ ನಿಂತು, ಕಾಯುವ ಜಾಗವಾದ್ದರಿಂದ ಆ ಹೆಸರು ಎಂದುಕೊಂಡಿದ್ದೆ. ನಮ್ಮವರು ತಡಿ ಎಂದಿರಲಿಲ್ಲ. ಒಂಬತ್ತು ತಿಂಗಳು, ದಿನಕ್ಕೆ ಎಂಟು ಸಲ, ನಿಲ್ಲಿಸು ಎಂದಿದ್ದರು. ಅವರ ಕೈ ಕೆಳಗಿತ್ತು. ಯಂತ್ರ ನಾನಾಗಿದ್ದೆ.

ಮರುದಿನದಿಂದ ವ್ಯಾಯಾಮ ಬಿಟ್ಟೆ. ಖಡಕಿಯ ಹೆಣ್ಣುಮಗಳು ಬೈದರು, ಕೈ ಹಾಳು ಮಾಡಿದಿರಿ ಎಂದು ಹೇಳಿ ಬರುವುದನ್ನೇ ನಿಲ್ಲಿಸಿದರು. ಆಮೇಲೆ ಕರೆಸಿದ ದೊಡ್ಡ ಡಾಕ್ಟರು, ಮಾಡಿದ್ದರೂ ಇಷ್ಟರ ಮೇಲೆ ಆ ಕೈ ತೆರೆಯುತ್ತಿರಲಿಲ್ಲ ಎಂದರು. ಸಮಾಧಾನಕ್ಕೆ ಹೇಳಿದರೋ ನಿಜವೋ, ಕೇಳಲಿಲ್ಲ. ಕೈ ಬೇಸಿಗೆಯ ಹೊತ್ತಿಗೆ ಮುಚ್ಚಿಕೊಂಡಿತು. ಗೊಂಬೆಯ ಕೆಲಸವನ್ನೂ ಬಿಟ್ಟೆ. ಧೂಳು ಮಾತ್ರ ಒರೆಸುತ್ತೇನೆ.

ಮುಷ್ಟಿ ಬಿಗಿದಿದ್ದರೂ ಉಗುರು ಬೆಳೆಯುವುದನ್ನು ಬಿಡುವುದಿಲ್ಲ. ಬೆಳೆದು ಅಂಗೈಗೇ ನೆಡುತ್ತವೆ, ಗಾಯವಾಗಿ ವಾಸನೆ ಬರುತ್ತದೆ. ಅದಕ್ಕೆ ಎಂಟು ದಿನಕ್ಕೊಮ್ಮೆ ಬೆರಳುಗಳನ್ನು ಬಿಡಿಸಲೇಬೇಕು. ಇವತ್ತು ಬೆಳಿಗ್ಗೆ ಬಿಸಿನೀರಿನ ಬಟ್ಟೆ ಸುತ್ತಿ, ಹೆಬ್ಬೆರಳಿನಿಂದ ಶುರು ಮಾಡಿದೆ. ಅವರು ನನ್ನನ್ನೇ ನೋಡುತ್ತ, "ಥಾಂಬ," ಎಂದರು. ಈಗ ನನಗೆ ಮರಾಠಿ ಬರುತ್ತದೆ. "ಆಯ್ತ್ರಿ, ಆಯ್ತ್ರಿ," ಎನ್ನುತ್ತ ಐದೂ ಉಗುರು ಕತ್ತರಿಸಿದೆ.