ದುಭಾಷಿ ಕೇಳಿದ ಒಂದು ಪ್ರಶ್ನೆ

ಅವರ ಬೆಳ್ಳಿಗೂದಲಿನ ನಡುವೆ, ಹೆಡ್‌ಫೋನ್ ಕೂರುವ ಜಾಗದಲ್ಲಿ, ಯಾವ ಬಾಚಣಿಗೆಗೂ ಬಗ್ಗದ ಒಂದು ತಗ್ಗು ಇತ್ತು. ಜಪಾನಿನ ಇಚಿಕಾವಾದಲ್ಲಿ ನಮ್ಮ ಪಕ್ಕದ ಮನೆಯವರು. ಲೆಬನಾನಿನ ಹೆಂಗಸು, ಜಪಾನಿ ಗಂಡ ತೀರಿಕೊಂಡ ಮೇಲೂ ಇಲ್ಲೇ ಉಳಿದು ಅರಬ್ಬಿ-ಜಪಾನಿ ದುಭಾಷಿಯಾಗಿದ್ದರು. ನನಗೆ ಅವರು ಆಂಟಿ. ಇಂಗ್ಲಿಷಿನಲ್ಲಿ ಮಾತಾಡಿಕೊಳ್ಳುತ್ತಿದ್ದೆವು. ನಮ್ಮ ಬೇಳೆಸಾರನ್ನು ಕುಡಿದು, "ಇದು ನಮ್ಮ ಸೂಪೇ, ನಿಮ್ಮಲ್ಲಿಗೆ ಬಂದು ಖಾರ ಕಲಿತಿದೆ" ಎನ್ನುತ್ತಿದ್ದರು.

ಕೊರೊನಾ ಬಂದ ವರ್ಷ ಅವರ ಕೆಲಸವೆಲ್ಲ ಮನೆಯ ಲ್ಯಾಪ್‌ಟಾಪಿಗೆ ಬಂತು. ಅದೇ ವರ್ಷ ಬೈರೂತಿನಲ್ಲಿ ಅವರ ತಮ್ಮ ನೋಡಿಕೊಳ್ಳುತ್ತಿದ್ದ ಬಡವರ ಚಿಕಿತ್ಸಾಲಯಕ್ಕೆ ಬೀಗ ಬಿತ್ತು. ತಮ್ಮ ಒಬ್ಬ ಪಕ್ಷದ ನಾಯಕನ ಆಪ್ತ. ಚಿಕಿತ್ಸಾಲಯ ನಡೆಯುತ್ತಿದ್ದದ್ದು ಆ ನಾಯಕನ ಹೆಸರಿನಲ್ಲಿ. ನಾಯಕನಿಗೆ ಹಣ ಬರುತ್ತಿದ್ದದ್ದು ಕೊಲ್ಲಿಯ ಶ್ರೀಮಂತ ಅರಬ್ ದೇಶವೊಂದರಿಂದ. ಅದು ನಿಂತುಹೋಗಿತ್ತು.

"ಅಕ್ಕಾ, ಆ ದೇಶದ ಅಧಿಕಾರಿಗಳು ಜಪಾನಿನವರ ಜೊತೆ ಮಾಡೋ ಮೀಟಿಂಗಲ್ಲಿ ನೀನೇ ಕೂರ್ತೀಯಲ್ಲ. ಒಂದು ಮಾತು ಹೇಳು," ಎಂದು ತಮ್ಮ ಗೋಗರೆದನಂತೆ.

ದುಭಾಷಿ ತನ್ನ ಮಾತನ್ನು ಆಡುವಂತಿಲ್ಲ. ಆದರೂ ಒಂದು ದಿನ, ಜಪಾನಿನವರು ಕರೆಯಿಂದ ಹೊರಟ ಮೇಲೆ, ಆ ದೇಶದ ಅಧಿಕಾರಿಯನ್ನು ಕೇಳಿಯೇಬಿಟ್ಟರು: ನಮ್ಮ ನಾಯಕರನ್ನು ಯಾಕೆ ಕೈಬಿಟ್ಟಿರಿ?

ಮರುದಿನ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತ ಆತನ ಉತ್ತರವನ್ನು ನನಗೆ ಹೇಳಿದರು. "ನಮ್ಮ ಎದುರಾಳಿ ದೇಶವನ್ನ ತಡೀತಾರೆ ಅಂತ ನಿಮ್ಮವರಿಗೆ ಕೊಟ್ವಿ. ಅವರು ನಮ್ಮ ದುಡ್ಡು ತಗೊಂಡು, ಆ ಎದುರಾಳಿ ಸಾಕಿದ ಬಂದೂಕಿನವರ ಜೊತೆಗೇ ಸರ್ಕಾರ ಮಾಡಿದ್ರು. ಇನ್ನೂ ಯಾಕೆ ಕೊಡ್ಬೇಕು?"

"ಆತ ಹೇಳಿದ್ದು ಸರಿ ಅಲ್ವಾ ಆಂಟಿ?" ಎಂದೆ.

"ಅರ್ಧ ಸರಿ. ಅವರು ಜನಕ್ಕೆ ಯಾವತ್ತು ಕೊಟ್ಟಿದ್ರು? ನಾಯಕನನ್ನ ಕೊಂಡ್ಕೊಂಡಿದ್ರು. ಬೇಸರ ಬಂದಿದ್ದು ನಾಯಕನ ಮೇಲೆ, ಔಷಧಿ ನಿಂತಿದ್ದು ಜನಕ್ಕೆ."

ತಮ್ಮನಿಗೂ ಇದನ್ನೇ ಹೇಳಿದರು. ಆ ನಾಯಕನನ್ನು ಬಿಡು, ಚಿಕಿತ್ಸಾಲಯಕ್ಕೆ ನಿನ್ನ ಬೀದಿಯವರ ನೆರವು ಕೇಳು ಎಂದರು. ಅವನು ಸಿಟ್ಟಾಗಿ ಮಾತು ಬಿಟ್ಟ. ಆಂಟಿ ಪ್ರತಿ ಶುಕ್ರವಾರ ಕರೆ ಮಾಡುತ್ತಿದ್ದರು. ರಿಂಗಾಗಿ ನಿಂತ ಮೇಲೆ ಎದ್ದು ಅಕ್ಕಿ ತೊಳೆಯುತ್ತಿದ್ದರು.

ಮರುವರ್ಷದ ಬೇಸಿಗೆಯಲ್ಲಿ ಅವರಿಗೆ ಸೋಂಕು ತಗುಲಿತು. ಆಸ್ಪತ್ರೆಯೊಳಗೆ ನಮ್ಮನ್ನು ಬಿಡಲಿಲ್ಲ. ಅಲ್ಲೇ ತೀರಿಕೊಂಡರು. ತುರ್ತಿಗೆಂದು ಆಂಟಿ ನನಗೆ ಕೊಟ್ಟಿದ್ದ ಅವರ ತಮ್ಮನ ನಂಬರಿಗೆ ನಾನೇ ಕರೆ ಮಾಡಬೇಕಾಯಿತು.

ಜಪಾನಿನ ನಂಬರ್ ಕಂಡು ಅವನು ಅಕ್ಕನೇ ಎಂದುಕೊಂಡ. ಮೊದಲ ರಿಂಗಿಗೇ ಎತ್ತಿ, ನನಗೆ ಬಾಯಿ ತೆರೆಯಲೂ ಬಿಡದೆ ಅರಬ್ಬಿಯಲ್ಲಿ ಏನೇನೋ ಹೇಳಿದ, ನಡುವೆ ನಕ್ಕ. ಅವನು ಉಸಿರಿಗಾಗಿ ನಿಂತಾಗ ಇಂಗ್ಲಿಷಿನಲ್ಲಿ ಸುದ್ದಿ ತಿಳಿಸಿದೆ.

ಆಮೇಲೆ, ತಾನು ಅಷ್ಟು ಹೊತ್ತು ಹೇಳಿದ್ದೇನೆಂದು ಅವನೇ ಇಂಗ್ಲಿಷಿನಲ್ಲಿ ತಿಳಿಸಿದ:

"ಬೀಗ ತೆಗೆದ್ವಿ ಅಕ್ಕಾ ಅಂದೆ. ಬೀದಿಯವರೇ ಸೇರಿ."