ನರಸಪ್ಪನವರ ತೊಡೆಯ ಮೇಲೆ

ಕುರ್ಚಿಯ ಮೇಲೆ ಕೂತಿದ್ದರೂ ನರಸಪ್ಪನವರ ಕಾಲುಗಳು ಮಗ್ಗ ಬಿಟ್ಟು ಬಂದಿರುತ್ತಿರಲಿಲ್ಲ. ಎಡಗಾಲು, ಬಲಗಾಲು, ಮತ್ತೆ ಎಡಗಾಲು, ಮೆಲ್ಲಗೆ ನೆಲ ಒತ್ತುತ್ತಲೇ ಇರುತ್ತಿದ್ದವು. ಮೊಳಕಾಲ್ಮುರಿನಲ್ಲಿ ನನ್ನ ಹೆಂಡತಿಯ ತವರಿನ ಪಕ್ಕದ ಮನೆ ಅವರದು. ಜೀವಮಾನವೆಲ್ಲ ರೇಷ್ಮೆ ಸೀರೆ ನೇಯ್ದವರು. ಅಂಥ ಸಾಧು ಮನುಷ್ಯನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು.

ನನ್ನ ನಲವತ್ತಾರನೇ ವಯಸ್ಸಿಗೆ ಮಗಳು ಹುಟ್ಟಿದಳು. ಬಾಣಂತಿಯನ್ನೂ ಕೂಸನ್ನೂ ನೋಡಲು ಪ್ರತಿ ಭಾನುವಾರ ಚಳ್ಳಕೆರೆಯಲ್ಲಿ ಬಸ್ಸು ಹತ್ತಿದರೆ, ತಳಕು ದಾಟುವಷ್ಟರಲ್ಲಿ ನನ್ನ ತಲೆಯೊಳಗೆ ಮಗಳಿಗೆ ನಾಲ್ಕು ಕಾಯಿಲೆ ಬಂದು ಹೋಗಿರುತ್ತಿದ್ದವು. ನಾನು ಎತ್ತಿಕೊಂಡೊಡನೆ, ಆಗಷ್ಟೇ ಹಾಲು ಕುಡಿದ ಕೂಸು ಕಾಲು ಮಡಚಿ, ಮುಖ ಕೆಂಪಗೆ ಮಾಡಿಕೊಂಡು ಕಿರುಚುತ್ತಿತ್ತು. ಹೆಗಲಿಗೆ ಹಾಕಿ ಬೆನ್ನು ತಟ್ಟಿದೆ. ಫೋನಿನಲ್ಲಿ ವಿಡಿಯೊ ನೋಡಿಕೊಂಡು ಕೂಸಿನ ಕಾಲುಗಳನ್ನು ಸೈಕಲ್ಲಿನ ಹಾಗೆ ತಿರುಗಿಸಿದೆ. ಹೊಟ್ಟೆಯ ಗಾಳಿ ಹೊರಡಲಿಲ್ಲ.

ಗೋಡೆಯಾಚೆಯಿಂದ ನರಸಪ್ಪನವರ ದನಿ: "ಅಳಿಯಂದ್ರು ಬಂದಂಗೈತೆ?"

ಬಂದವರೇ "ರಾ ತಲ್ಲೀ, ಬಾ ತಾಯೀ" ಎಂದು ಕೂಸನ್ನು ತೊಡೆಗಳ ಮೇಲೆ ಅಡ್ಡಲಾಗಿ ಬೋರಲು ಮಲಗಿಸಿ, ಬೆನ್ನಿಗೊಂದು ಕೈಯಿಟ್ಟು, ರಾಂಪುರದ ಬಸ್ಸಿನ ವಿಚಾರ ತೆಗೆಯುತ್ತಿದ್ದರು. ಸ್ವಲ್ಪ ಹೊತ್ತಿಗೆ ಒಂದು ತೇಗು, ಹಿಂದೆಯೇ ದೊಡ್ಡವರೂ ನಾಚುವಂಥ ಹೂಸು. ಕೂಸಿಗೆ ನಿದ್ದೆ. ಆಗ ನನ್ನ ಹೆಂಡತಿ ಅವರನ್ನು ನೋಡುತ್ತಿದ್ದ ಹಾಗೆ ನನ್ನನ್ನು ಮದುವೆಯ ದಿನವೂ ನೋಡಿರಲಿಲ್ಲ.

ಗುಟ್ಟು ಅವರ ಕೈಯಲ್ಲಿದೆಯೆಂದು ನಂಬಿ ಕದ್ದು ನೋಡಿದೆ. ಅದೇ ಜಾಗದಲ್ಲಿ ಕೈಯಿಟ್ಟೆ. ಕೂಸು ಇನ್ನೂ ಜೋರಾಗಿ ಅತ್ತಿತು. ಮೂರು ತಿಂಗಳು ತುಂಬಿ ಹೆಂಡತಿ-ಮಗಳನ್ನು ಕರೆದೊಯ್ಯುವ ದಿನ ಬಿಗುಮಾನ ಬಿಟ್ಟು ಕೇಳಿದೆ: "ಅಲ್ಲಿ ನೀವಿರಲ್ಲ. ನನಗೂ ಹೇಳ್ಕೊಡ್ರಿ."

ನಕ್ಕು, ನನ್ನನ್ನು ತಮ್ಮ ಮನೆಗೆ ಕರೆದೊಯ್ದು, ಕುಳಿಯೊಳಗೆ ಕಾಲು ಇಳಿಬಿಟ್ಟು ಕೂರುವ ಗುಂಡಿ ಮಗ್ಗಕ್ಕೆ ಕೂರಿಸಿದರು. "ಕೈ ಸುದ್ದಿ ಬಿಡ್ರಿ. ಕಾಲ್ಕೆಳಗೆ ಎರಡು ಹಲಗೆ ಅದಾವಲ್ಲ, ಒಂದು ತುಳೀರಿ. ಅದ್ನ ಬಿಟ್ಟು ಇನ್ನೊಂದು."

ನಾನು ಗಾಬರಿಯಲ್ಲಿ ಎರಡನ್ನೂ ಒಟ್ಟಿಗೆ ತುಳಿದೆ. ಎಳೆಯೊಂದು ಪಟ್ಟೆಂದು ಹರಿಯಿತು.

"ಎಳೆ ಹರಿದ್ರೆ ಗಂಟು ಹಾಕಿದ್ರಾತು," ಎಂದರು, ಹಾಕುತ್ತಲೇ. "ನೀವು ಹೆದ್ರಿ ಕಟ್ಟಿಗೆಯಂಗೆ ಕುಂತ್ರೆ ಕೂಸೂ ಕಟ್ಟಿಗೆ ಆಗ್ತೈತೆ. ಕಾಲು ಸಡ್ಲ ಬಿಡ್ರಿ, ಅಳಿಯಂದ್ರೇ."

ಹದಿನೈದು ದಿನಕ್ಕೆ ಫೋನು ಬಂತು. ಎದೆನೋವು ಬಂದು ನರಸಪ್ಪನವರು ಹೋಗಿಬಿಟ್ಟಿದ್ದರು.

ಮಣ್ಣಿಗೆ ಹೋಗಿ ಬಂದ ಮರುದಿನ ಸಂಜೆ ಕೂಸು ಮತ್ತೆ ಕಾಲು ಮಡಚಿತು. ತೊಡೆಗಳ ಮೇಲೆ ಬೋರಲು ಹಾಕಿಕೊಂಡೆ. ಎಡಗಾಲು, ಬಲಗಾಲು. ಅವರನ್ನೇ ನೆನೆಯುತ್ತಿದ್ದುದರಿಂದಲೋ ಏನೋ, ಹೆದರುವುದು ಮರೆತುಹೋಗಿತ್ತು. ತೇಗು ಬಂತು. ಹಿಂದೆಯೇ ಇನ್ನೊಂದೂ.

ಅಡುಗೆಮನೆಯಿಂದ ಬಂದ ಹೆಂಡತಿ ಕಣ್ಣೊರೆಸಿಕೊಂಡಳು. "ಥೇಟ್ ನರಸಪ್ಪ ಮಾಮನಂಗೇ ಮಾಡಿದ್ರಲ್ರೀ!"

ಗೆದ್ದವನು ನಾನು, ಹೆಸರು ಆಗಲೂ ಅವರದೇ. ಸತ್ತವರ ಮೇಲೂ ಹೊಟ್ಟೆಕಿಚ್ಚು ಪಟ್ಟೆ. ಕೂಸು ನಿದ್ದೆಹೋಗಿ ಎಷ್ಟೋ ಹೊತ್ತಾಗಿತ್ತು. ಕಾಲು ನಿಲ್ಲಿಸಲು ಮಾತ್ರ ಮನಸ್ಸಾಗಲಿಲ್ಲ.